ಬಳ್ಳಿ ಗುಲಾಬಿಗೆ ಮೊದಲು ದಾರ, ಆಮೇಲೆ ಕತ್ತರಿ

ಬೆಂಗಳೂರಿನಲ್ಲಿ ಬಳ್ಳಿ ಗುಲಾಬಿ ಬೆಳೆಸಿದವರ ದೂರು ಹೆಚ್ಚು ಕಡಿಮೆ ಒಂದೇ. ಗಿಡ ಸೊಂಪಾಗಿದೆ, ಕೊಂಬೆ ಮೊದಲ ಮಹಡಿ ಮುಟ್ಟಿದೆ, ಆದರೆ ಹೂವೆಲ್ಲ ತುದಿಯಲ್ಲಿ. ಕೆಳಗೆ ಬರೀ ಕೋಲು, ಮುಳ್ಳು. ಗೇಟಿನ ಹತ್ತಿರ ನಿಂತವರಿಗೆ ಒಂದು ಹೂವೂ ಕಾಣುವುದಿಲ್ಲ. ಗೊಬ್ಬರ ಸಾಲದು ಅಂದುಕೊಂಡು ಕೆಲವರು ಇನ್ನಷ್ಟು ಗೊಬ್ಬರ ಹಾಕುತ್ತಾರೆ. ಕೆಲವರು ಬೇಸತ್ತು ಮೊಣಕಾಲೆತ್ತರಕ್ಕೆ ಕತ್ತರಿಸಿಬಿಡುತ್ತಾರೆ. ಎರಡರಿಂದಲೂ ಪ್ರಯೋಜನ ಇಲ್ಲ. ತೊಂದರೆ ಇರುವುದು ಕೊಂಬೆ ಕಟ್ಟಿರುವ ರೀತಿಯಲ್ಲಿ.

ನೆಟ್ಟಗೆ ಮೇಲೆ ಹೋದ ಕೊಂಬೆ ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಅದನ್ನೇ ಬಗ್ಗಿಸಿ ಅಡ್ಡಲಾಗಿ ಕಟ್ಟಿದರೆ ಉದ್ದಕ್ಕೂ ಹೂ ಬಿಡುತ್ತದೆ. ಕೊಂಬೆಯ ತುದಿಯ ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗುತ್ತದೆ. ಅದು ಕೆಳಗಿಳಿಯುತ್ತಾ, ದಾರಿಯಲ್ಲಿರುವ ಕಣ್ಣುಗಳು, ಅಂದರೆ ಚಿಗುರೊಡೆಯಬೇಕಾದ ಸಣ್ಣ ಮೊಗ್ಗುಗಳು, ಚಿಗುರದಂತೆ ತಡೆಯುತ್ತದೆ. ಕೊಂಬೆ ಮಲಗಿದಾಗ ತುದಿಯ ಈ ಹಿಡಿತ ಸಡಿಲವಾಗುತ್ತದೆ. ಆಗ ಒಂದೊಂದು ಗಿಣ್ಣಿನಲ್ಲೂ ಕಣ್ಣು ಒಡೆದು ಪಕ್ಕದ ರೆಂಬೆ ಬರುತ್ತದೆ, ಆ ರೆಂಬೆಯ ತುದಿಯಲ್ಲಿ ಹೂ ಬರುತ್ತದೆ. ಬಳ್ಳಿ ಗುಲಾಬಿಯ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಅದಕ್ಕೇ ಹೇಳುವುದು, ಮೊದಲು ದಾರ ಹಿಡಿಯಿರಿ, ಕತ್ತರಿ ಆಮೇಲೆ.

ಗಿಡ ತರುವ ಮೊದಲು

ಈ ಗಿಡಕ್ಕೆ ತಾನಾಗಿ ಹತ್ತಲು ಬರುವುದಿಲ್ಲ. ಶಂಖಪುಷ್ಪದಂತೆ ಸುತ್ತಿಕೊಳ್ಳುವುದಿಲ್ಲ, ಹಾಗಲದಂತೆ ಕುಡಿ ಚಾಚಿ ಹಿಡಿಯುವುದೂ ಇಲ್ಲ. ಕಾಡಿನಲ್ಲಿ ಮುಳ್ಳನ್ನೇ ಕೊಕ್ಕೆ ಮಾಡಿಕೊಂಡು ಪಕ್ಕದ ಪೊದೆಗೆ ಒರಗುತ್ತದೆ. ಮನೆಯಲ್ಲಿ ಒರಗಿಸುವ ಕೆಲಸ ನಮ್ಮದು.

ನರ್ಸರಿಯಲ್ಲಿ ಒಂದು ಪ್ರಶ್ನೆ ತಪ್ಪದೇ ಕೇಳಿ: ಇದು ಮತ್ತೆ ಮತ್ತೆ ಹೂ ಬಿಡುವ ಜಾತಿಯೋ, ವರ್ಷಕ್ಕೆ ಒಂದೇ ಸಲ ಬಿಡುವ ಜಾತಿಯೋ? ಎರಡಕ್ಕೂ ಕಟ್ಟುವ ರೀತಿ ಒಂದೇ, ಆದರೆ ಸವರುವ, ಅಂದರೆ ಕೊಂಬೆ ಕತ್ತರಿಸುವ, ಕಾಲ ಬೇರೆ. ಮೊದಲ ಸಲ ಬೆಳೆಸುವವರು ಮತ್ತೆ ಮತ್ತೆ ಬಿಡುವ ಜಾತಿಯನ್ನೇ ತನ್ನಿ. ಬಿಳಿ ಹೂವಿನ ಕ್ಲೈಂಬಿಂಗ್ ಐಸ್‌ಬರ್ಗ್ ನಂಬಿಕೆಯ ಗಿಡ. ಮುಳ್ಳು ಕಡಿಮೆ, ಕೊಂಬೆ ಸುಲಭವಾಗಿ ಬಾಗುತ್ತದೆ. ಕಡುಗೆಂಪು ಬೇಕಾದರೆ ಡಾನ್ ಜುವಾನ್. ಕೆಂಪು ಎಸಳು, ನಡುವೆ ಹಳದಿ ಇರುವ ಒಂಟಿ ಸುತ್ತಿನ ಹೂ ಇಷ್ಟವಾದರೆ ಕಾಕ್‌ಟೇಲ್. ಕಮಾನಿನ ಮೇಲೆ ಹಬ್ಬಿಸುವವರು ಮಾರೆಷಲ್ ನೀಲ್ ಹುಡುಕಿ. 1864ರಷ್ಟು ಹಳೆಯ ಫ್ರೆಂಚ್ ತಳಿ, ತಿಳಿ ಹಳದಿ, ಒಳ್ಳೆಯ ಪರಿಮಳ. ಅದರ ಹೂ ತಲೆ ತಗ್ಗಿಸುತ್ತದೆ, ಹಾಗಾಗಿ ಕೆಳಗೆ ನಿಂತು ನೋಡುವವರಿಗೆ ಪೂರ್ತಿ ಕಾಣುತ್ತದೆ. ಚಳಿ ದೇಶಗಳಲ್ಲಿ ಇದನ್ನು ಗಾಜಿನ ಮನೆಯೊಳಗಿಟ್ಟು ಕಾಪಾಡುತ್ತಾರೆ. ನಮ್ಮ ಊರಿನಲ್ಲಿ ಅಂಗಳದಲ್ಲೇ ಬೆಳೆಯಬಹುದು.

ನಮ್ಮ ದೇಶದಲ್ಲೇ ಹುಟ್ಟಿದ ಬಳ್ಳಿ ಗುಲಾಬಿಗಳೂ ಇವೆ. ಕೊಡೈಕೆನಾಲ್‌ನ ವೀರು ವೀರರಾಘವನ್ ಅವರು ಈಶಾನ್ಯ ಭಾರತದ ಬೆಟ್ಟಗಳ ಕಾಡು ಗುಲಾಬಿ ರೋಸಾ ಜೈಗಾಂಟಿಯಾವನ್ನು ಬಳಸಿ, ಬೆಚ್ಚಗಿನ ಹವೆಗೆ ಒಗ್ಗುವ ತಳಿಗಳನ್ನು ಬೆಳೆಸಿದರು. ಅವರ ಹಳದಿ ಹೂವಿನ ಗೋಲ್ಡನ್ ಥ್ರೆಶೋಲ್ಡ್ ಅಂಥದ್ದು. ಎಲ್ಲ ನರ್ಸರಿಯಲ್ಲೂ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ. ಅದಕ್ಕೆ ಜಾಗ ಮಾತ್ರ ಜಾಸ್ತಿ ಬೇಕು.

ಲಾಲ್‌ಬಾಗ್ ಒಳಗಿನ ನರ್ಸರಿ ಸಹಕಾರ ಸಂಘದ ಮಳಿಗೆ, ಸಿದ್ದಾಪುರದ ನರ್ಸರಿಗಳು, ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ, ಇವು ಹುಡುಕಲು ಒಳ್ಳೆಯ ಜಾಗಗಳು. ಹೂವಿರುವ ಗಿಡ ಆರಿಸುವುದಕ್ಕಿಂತ ಬುಡದಿಂದ ಎರಡು ಮೂರು ಗಟ್ಟಿ ಕೊಂಬೆ ಬಂದಿರುವ ಗಿಡ ಆರಿಸಿ. ಬುಡದಲ್ಲಿ ಕಸಿ ಗಂಟು, ಅಂದರೆ ಬೇರಿನ ಗಿಡಕ್ಕೆ ಗುಲಾಬಿಯನ್ನು ಕೂಡಿಸಿದ ಜಾಗ, ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ. ಮುಂದೆ ಆ ಗಂಟಿನ ಕೆಳಗಿನಿಂದ ಬರುವ ಚಿಗುರು ನಿಮ್ಮ ಗುಲಾಬಿಯದ್ದಲ್ಲ, ಬೇರಿಗೆ ಬಳಸಿದ ಕಾಡು ಗಿಡದ್ದು. ಎಲೆಯ ಬಣ್ಣ, ಮುಳ್ಳು ಬೇರೆಯೇ ಇರುತ್ತವೆ. ಮಣ್ಣು ಸರಿಸಿ, ಅದು ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕೀಳಬೇಕು. ಮೇಲೆ ಮೇಲೆ ಕತ್ತರಿಸಿದರೆ ಇನ್ನೂ ನಾಲ್ಕು ಬರುತ್ತದೆ.

ಯಾವ ಗೋಡೆ, ಎಷ್ಟು ಬಿಸಿಲು

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕ ಓದಿದವರು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯೇ ಬೇಕು ಅಂತ ಹಟ ಹಿಡಿಯುತ್ತಾರೆ. ಇಲ್ಲಿ ಆ ಲೆಕ್ಕ ಬೇರೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ, ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಗೋಡೆಗೆ. ದಕ್ಷಿಣದ ಗೋಡೆಗೆ ಒಳ್ಳೆಯ ಬಿಸಿಲು ಸಿಗುವುದು ಚಳಿಗಾಲದಲ್ಲಿ. ವರ್ಷವಿಡೀ ಒಂದೇ ರೀತಿ ನಂಬಬಹುದಾದದ್ದು ಪೂರ್ವದ ಗೋಡೆ. ಬೆಳಗಿನ ಬಿಸಿಲಿಗೆ ಎಲೆಯ ಮೇಲಿನ ಇಬ್ಬನಿ ಬೇಗ ಆರುತ್ತದೆ, ಕಪ್ಪು ಚುಕ್ಕೆ ರೋಗವೂ ಕಡಿಮೆ. ಪಶ್ಚಿಮದ ಗೋಡೆ ಮಾರ್ಚ್, ಏಪ್ರಿಲ್‌ನಲ್ಲಿ ಕಾದು ಸುಡುತ್ತದೆ. ಅಲ್ಲಿ ನೆಡಲೇಬೇಕೆಂದರೆ ಗೋಡೆಗೂ ತಂತಿಗೂ ನಡುವೆ ಜಾಸ್ತಿ ಜಾಗ ಬಿಡಿ.

ಮೂವತ್ತು ನಲವತ್ತರ ಸೈಟಿನಲ್ಲಿ ಮನೆಯ ಪಕ್ಕ ಉಳಿಯುವುದು ಮೂರಡಿ ಜಾಗ. ಅಷ್ಟರಲ್ಲಿ ಪೊದೆ ಗುಲಾಬಿ ನೆಟ್ಟರೆ ಓಡಾಡುವುದೇ ಕಷ್ಟ. ಬಳ್ಳಿ ಗುಲಾಬಿಗೆ ಒಂದೂವರೆ ಅಡಿ ಅಗಲ ಸಾಕು, ಉದ್ದ ಎಷ್ಟಿದ್ದರೂ ಬಳಸಿಕೊಳ್ಳುತ್ತದೆ. ಐದಡಿಯ ಕಾಂಪೌಂಡ್ ಗೋಡೆಯೇ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಇರಲಿ. ಗೋಡೆಯಿಂದ ಒಂದೂವರೆ ಅಡಿ ದೂರ. ಗೋಡೆಗೆ ಅಂಟಿಕೊಂಡ ಮಣ್ಣಿನಲ್ಲಿ ಸಿಮೆಂಟ್ ಚೂರು, ಜಲ್ಲಿ ಜಾಸ್ತಿ. ಸಜ್ಜಾದ ಕೆಳಗಾದರೆ ಮಳೆ ನೀರೂ ಬೀಳುವುದಿಲ್ಲ. ಸಂಪಿನ ಗೋಡೆಯಿಂದಲೂ ದೂರ ಇರಲಿ. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಎರಡು ಹಿಡಿ ಬೇವಿನ ಹಿಂಡಿ, ಎರಡು ಹಿಡಿ ಮೂಳೆ ಪುಡಿ ಸೇರಿಸಿ ತುಂಬಿ. ಗಿಡವನ್ನು ಗೋಡೆಯ ಕಡೆಗೆ ಸ್ವಲ್ಪ ಒರಗಿಸಿ ನೆಡಿ, ಕಸಿ ಗಂಟು ಮಣ್ಣಿಗಿಂತ ಒಂದೆರಡು ಇಂಚು ಮೇಲಿರಲಿ.

ಆಸರೆ ಮೊದಲು, ಗಿಡ ಆಮೇಲೆ

ಗಿಡ ಬೆಳೆದ ಮೇಲೆ ತಂತಿ ಕಟ್ಟೋಣ ಅಂತ ಮುಂದಕ್ಕೆ ಹಾಕಬೇಡಿ. ಮುಳ್ಳಿನ ಕೊಂಬೆಗಳ ನಡುವೆ ಡ್ರಿಲ್ ಹಿಡಿಯುವುದು ಯಾರಿಗೂ ಬೇಡದ ಕೆಲಸ. ನೆಡುವ ವಾರದಲ್ಲೇ ಆಸರೆಯೂ ಸಿದ್ಧವಾಗಿರಲಿ. ಪೂರ್ತಿ ಬೆಳೆದ ಗಿಡ ಮಳೆಯಲ್ಲಿ ನೆನೆದಾಗ ಎಷ್ಟು ಭಾರ ಅಂತ ನೆನಪಿಟ್ಟುಕೊಂಡು ಕಟ್ಟಿ. ನರ್ಸರಿಯಲ್ಲಿ ಮಾರುವ ಪ್ಲಾಸ್ಟಿಕ್ ಹಂದರ ಎರಡನೇ ವರ್ಷಕ್ಕೇ ಬಾಗುತ್ತದೆ.

ಗೋಡೆಗೆ ನನ್ನ ಮೊದಲ ಆಯ್ಕೆ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ. 12 ಅಥವಾ 14 ಗೇಜ್ ಸಾಕು. ಎಸ್‌ಪಿ ರಸ್ತೆಯಲ್ಲಿ ಅಥವಾ ನಿಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಜೊತೆಗೆ ಕಣ್ಣಿರುವ ಉದ್ದನೆಯ ಸ್ಕ್ರೂ ಹುಕ್ಕು, ಪ್ಲಗ್ಗು, ತಂತಿ ಬಿಗಿ ಮಾಡಲು ಸಾಲಿಗೊಂದು ಟರ್ನ್‌ಬಕಲ್ ತನ್ನಿ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಮೊದಲ ಸಾಲು. ಅಲ್ಲಿಂದ ಮೇಲಕ್ಕೆ ಒಂದು ಅಥವಾ ಒಂದೂಕಾಲು ಅಡಿಗೆ ಒಂದೊಂದು ಸಾಲು. ಅಡ್ಡಲಾಗಿ ಐದಾರು ಅಡಿಗೊಂದು ಹುಕ್ಕು. ಹುಕ್ಕು ಇಟ್ಟಿಗೆ ಅಥವಾ ಬ್ಲಾಕಿನೊಳಗೆ ಕೂರಬೇಕು, ಬರೀ ಗಾರೆಯಲ್ಲಿ ಕೂತರೆ ಕಿತ್ತು ಬರುತ್ತದೆ.

ತಂತಿ ಗೋಡೆಯಿಂದ ಮೂರು ನಾಲ್ಕು ಇಂಚು ಮುಂದಿರಲಿ. ಹಿಂದೆ ಗಾಳಿ ಆಡದಿದ್ದರೆ ಬೂದಿ ರೋಗ ಬರುತ್ತದೆ, ಕೆಂಪು ನುಸಿ ಸೇರಿಕೊಳ್ಳುತ್ತದೆ. ಕಟ್ಟುವಾಗ ಬೆರಳು ಹಾಕಲೂ ಜಾಗ ಬೇಕಲ್ವಾ.

ಗೇಟಿನ ಮೇಲೆ ಕಮಾನು ಮಾಡಿಸುವವರು ಅಳತೆಯಲ್ಲಿ ಧಾರಾಳ ತೋರಿಸಿ. ಎರಡೂ ಬದಿಯ ಕೊಂಬೆಗಳು ಸೇರಿ ಒಂದೂವರೆ ಎರಡು ಅಡಿ ನುಂಗುತ್ತವೆ. ಅಗಲ ಐದಡಿ, ಎತ್ತರ ಎಂಟಡಿ ಇದ್ದರೆ ಕೊಡೆ ಹಿಡಿದವರೂ ನೆಮ್ಮದಿಯಾಗಿ ಒಳಗೆ ಬರಬಹುದು. ಒಂದಿಂಚಿನ ಜಿಐ ಪೈಪಿನಲ್ಲಿ ಮಾಡಿಸಿ, ಕಾಲುಗಳನ್ನು ಎರಡಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿ. ಬಿದಿರು, ಸರ್ವೆ ಮರದ ಕಂಬ ನೋಡಲು ಚೆಂದ, ಅಗ್ಗವೂ ಹೌದು. ಆದರೆ ಮಣ್ಣಿನೊಳಗಿನ ಭಾಗ ಬೇಗ ಕೊಳೆಯುತ್ತದೆ, ಗೆದ್ದಲೂ ಹಿಡಿಯುತ್ತದೆ. ಗಿಡ ಸೊಗಸಾಗಿ ಹಬ್ಬಿದ ಹೊತ್ತಿಗೆ ಕಂಬ ಮುರಿದರೆ ಎಲ್ಲ ಮೊದಲಿನಿಂದ.

ಕಿಟಕಿಯ ಗ್ರಿಲ್ಲಿಗೆ ಹಬ್ಬಿಸುವವರಿಗೆ ಒಂದು ಮಾತು. ಕೊಂಬೆಯನ್ನು ಸರಳುಗಳ ಸಂದಿಯಲ್ಲಿ ನೇಯಬೇಡಿ. ಇವತ್ತು ಪೆನ್ಸಿಲ್ ದಪ್ಪ ಇರುವುದು ಮುಂದೆ ಹೆಬ್ಬೆರಳಿಗಿಂತ ದಪ್ಪ ಆಗುತ್ತದೆ. ಆಮೇಲೆ ಗ್ರಿಲ್ಲಿಗೆ ಬಣ್ಣ ಹೊಡೆಯಬೇಕಾದರೆ ಗಿಡವನ್ನೇ ಕಡಿಯಬೇಕು. ತಂತಿಯಾಗಲಿ ಗ್ರಿಲ್ಲಾಗಲಿ, ಕೊಂಬೆ ಯಾವತ್ತೂ ಮುಂದುಗಡೆಯೇ ಇರಬೇಕು. ದಾರ ಬಿಚ್ಚಿದರೆ ಪೂರ್ತಿ ಕೈಗೆ ಬರಬೇಕು. ಕರೆಂಟಿನ ತಂತಿಯ ಕಡೆಗೆ, ಫುಟ್‌ಪಾತಿನ ಕಡೆಗೆ ಹಬ್ಬಿಸಬೇಡಿ. ನಡೆದು ಹೋಗುವ ಮಕ್ಕಳ ಕಣ್ಣಿನ ಎತ್ತರಕ್ಕೇ ಮುಳ್ಳು ಬರುತ್ತದೆ.

ಕಟ್ಟುವುದು

ಇಲ್ಲಿ ಆತುರ ಬೇಡ. ವರ್ಷಕ್ಕೆ ಒಂದು ಸಲ ದೊಡ್ಡದಾಗಿ ಮಾಡುವ ಕೆಲಸವಲ್ಲ ಇದು. ಆಗಾಗ ಹೋಗಿ ಹತ್ತು ನಿಮಿಷ ಮಾಡುವ ಕೆಲಸ.

ಮೊದಲು ದಾರ. ಬಲಿತ ಕೊಂಬೆಗೆ ಗೋಣಿ ದಾರ ಅಥವಾ ಹಳೆ ಹತ್ತಿ ಬಟ್ಟೆಯ ಪಟ್ಟಿ. ಎಳೆಯದಕ್ಕೆ ನೆನೆಸಿದ ಬಾಳೆ ನಾರು. ಬಾಳೆ ನಾರು ಕೆಲವು ತಿಂಗಳಲ್ಲಿ ತಾನೇ ಸವೆದು ಬೀಳುತ್ತದೆ, ಅಷ್ಟರಲ್ಲಿ ಕೊಂಬೆ ದಪ್ಪವಾಗಿ ಮತ್ತೆ ಕಟ್ಟುವ ಸಮಯ ಬಂದಿರುತ್ತದೆ. ಕಟ್ಟಡದವರು ಬಳಸುವ ಬೈಂಡಿಂಗ್ ವೈರ್, ಪ್ಲಾಸ್ಟಿಕ್ ಕೇಬಲ್ ಟೈ ಬೇಡವೇ ಬೇಡ. ಕೊಂಬೆ ಊದಿದಂತೆ ಅವು ಸಿಪ್ಪೆಯೊಳಗೆ ಇಳಿಯುತ್ತವೆ. ಅಲ್ಲಿಂದ ಮೇಲಿನ ಭಾಗ ಒಣಗುತ್ತದೆ.

ಗಂಟು ಎಂಟರ ಆಕಾರದಲ್ಲಿರಲಿ. ದಾರವನ್ನು ಮೊದಲು ತಂತಿಗೆ ಬಿಗಿಯಾಗಿ ಸುತ್ತಿ, ನಡುವೆ ಒಮ್ಮೆ ಅಡ್ಡ ಹಾಯಿಸಿ, ಆಮೇಲೆ ಕೊಂಬೆಯನ್ನು ಬಳಸಿ ಸಡಿಲವಾಗಿ ಕಟ್ಟಿ. ಕೊಂಬೆಯ ಸುತ್ತ ಕಿರುಬೆರಳು ತೂರುವಷ್ಟು ಜಾಗ ಇರಬೇಕು. ನಡುವಿನ ಆ ದಾರದಿಂದಾಗಿ ಗಾಳಿಗೆ ಕೊಂಬೆ ಲೋಹಕ್ಕೆ ಉಜ್ಜುವುದಿಲ್ಲ.

ನೆಟ್ಟ ಮೊದಲ ಎರಡು ವರ್ಷ ಕತ್ತರಿಯನ್ನು ಹತ್ತಿರ ತರಬೇಡಿ. ಒಣಗಿದ್ದು, ಮುರಿದದ್ದು ತೆಗೆದರೆ ಸಾಕು. ಕ್ಲೈಂಬಿಂಗ್ ಐಸ್‌ಬರ್ಗ್‌ನಂಥವು ಪೊದೆ ಗುಲಾಬಿಯಲ್ಲೇ ಆಕಸ್ಮಿಕವಾಗಿ ಹುಟ್ಟಿದ ಉದ್ದ ಕೊಂಬೆಯಿಂದ ಬಂದ ತಳಿಗಳು. ಎಳೆಯದರಲ್ಲೇ ಬುಡಕ್ಕೆ ಕತ್ತರಿಸಿದರೆ ಮತ್ತೆ ಗಿಡ್ಡ ಪೊದೆಯಾಗಿ ಕೂರುವ ಸಾಧ್ಯತೆ ಇದೆ. ಭಾನುವಾರ ಬರುವ ಮಾಲಿಗೆ ಇದನ್ನು ಬಾಯಿಬಿಟ್ಟು ಹೇಳಿ: "ಅಣ್ಣಾ, ಇದು ಬಳ್ಳಿ ಗುಲಾಬಿ, ಉದ್ದ ಕೊಂಬೆ ಮುಟ್ಟಬೇಡಿ." ಪೊದೆ ಗುಲಾಬಿಗೆ ಮಾಡುವಂತೆ ಇದನ್ನೂ ಮೊಣಕಾಲಿಗೆ ಇಳಿಸಿದರೆ ಆ ವರ್ಷದ ಹೂವೆಲ್ಲ ಹೋಯಿತು.

ಬುಡದಿಂದ ಹೊಸ ಚಿಗುರು ಜೋರಾಗಿ ಏಳುವುದು ಮಳೆಗಾಲದಲ್ಲಿ. ಕೆಂಪಗೆ, ರಸ ತುಂಬಿಕೊಂಡು, ನೋಡನೋಡುತ್ತಿದ್ದಂತೆ ಉದ್ದವಾಗುತ್ತದೆ. ಆಗಲೇ ಬಗ್ಗಿಸಲು ಹೋದರೆ ಬುಡದಲ್ಲೇ ಪಟ್ ಅಂತ ಕಿತ್ತು ಬರುತ್ತದೆ. ಅದು ಮೂರಡಿ ಆಗಿ, ಕೆಂಪು ಹೋಗಿ ಹಸಿರು ತಿರುಗುವವರೆಗೆ ಕಾಯಿರಿ. ಅಲ್ಲಿವರೆಗೆ ಗಾಳಿಗೆ ಬೀಳದಂತೆ ಒಂದು ಕೋಲು ಕೊಟ್ಟು ಓರೆಯಾಗಿ ಸಡಿಲವಾಗಿ ನಿಲ್ಲಿಸಿ. ಹಾಗಂತ ತೀರಾ ತಡವೂ ಬೇಡ. ಬಲಿತು ಕಂದು ತಿರುಗಿದ ಕೊಂಬೆ ಬಾಗುವುದಿಲ್ಲ, ಸೀಳುತ್ತದೆ.

ಬಗ್ಗಿಸುವ ಕ್ರಮ ಹೀಗೆ:

1. ಬೆಳಗ್ಗೆ ಚಿಗುರು ನೀರು ತುಂಬಿ ಸೆಟೆದಿರುತ್ತದೆ, ಬೇಗ ಮುರಿಯುತ್ತದೆ. ಮಧ್ಯಾಹ್ನ ಕಳೆದ ಮೇಲೆ ಕೈ ಹಾಕಿ.

2. ಒಂದು ಕೈ ಬುಡದ ಹತ್ತಿರ ಆಧಾರವಾಗಿರಲಿ. ಇನ್ನೊಂದು ಕೈಯಿಂದ ಕೊಂಬೆಯ ನಡುಭಾಗ ಹಿಡಿದು ನಿಧಾನವಾಗಿ ಪಕ್ಕಕ್ಕೆ ತನ್ನಿ. ತುದಿ ಹಿಡಿದು ಎಳೆಯಬೇಡಿ.

3. ಎಲ್ಲಿ ತಡೆದಂತೆ ಅನಿಸುತ್ತದೋ ಅಲ್ಲೇ ನಿಲ್ಲಿಸಿ, ಅಷ್ಟಕ್ಕೇ ಕಟ್ಟಿ. ನಾಲ್ಕೈದು ದಿನ ಬಿಟ್ಟು ಬಿಚ್ಚಿ, ಇನ್ನೂ ಸ್ವಲ್ಪ ಇಳಿಸಿ ಮತ್ತೆ ಕಟ್ಟಿ. ಪೂರ್ತಿ ಅಡ್ಡ ಬರಲು ಎರಡು ಮೂರು ವಾರ ಹಿಡಿದರೂ ಪರವಾಗಿಲ್ಲ.

4. ಪೂರ್ತಿ ಮಲಗಿಸಲು ಆಗದಿದ್ದರೆ 45 ಡಿಗ್ರಿ ಓರೆಯಾದರೂ ಇರಲಿ. ತುದಿ ಮಾತ್ರ ಸ್ವಲ್ಪ ಮೇಲ್ಮುಖವಾಗಿರಬೇಕು. ತುದಿ ಜೋತು ಬಿದ್ದರೆ ಅದರ ಬೆಳವಣಿಗೆ ಕುಂಠಿತವಾಗಿ, ಬಾಗಿದ ಜಾಗದಿಂದ ಒಂದು ದೊಡ್ಡ ಚಿಗುರು ನೆಟ್ಟಗೆ ಎದ್ದುಬಿಡುತ್ತದೆ.

5. ಎರಡು ಕೊಂಬೆಗಳ ನಡುವೆ ಹೆಚ್ಚು ಕಡಿಮೆ ಒಂದಡಿ ಅಂತರ ಇರಲಿ. ಒಂದರ ಮೇಲೊಂದು ಹಾಯಿಸಬೇಡಿ.

ಕೊನೆಗೆ ಗಿಡ ಬುಡದಿಂದ ಬೆರಳು ಅಗಲಿಸಿ ಹಿಡಿದ ಅಂಗೈ ಹಾಗೆ ಕಾಣಬೇಕು. ಹೊರಗಿನ ಕೊಂಬೆಗಳು ಕೆಳಗಿನ ತಂತಿಗೆ, ಒಳಗಿನವು ಮೇಲಿನ ತಂತಿಗೆ. ಐದರಿಂದ ಏಳು ಮುಖ್ಯ ಕೊಂಬೆ ಸಾಕು. ಮೊದಲು ಕೆಳಗಿನ ತಂತಿ ತುಂಬಿಸಿ. ಎಲ್ಲರೂ ಮೇಲಿನದನ್ನೇ ಮೊದಲು ತುಂಬಿಸುತ್ತಾರೆ. ಆಮೇಲೆ ಕೆಳಗಿನ ಬೋಳು ಮುಚ್ಚುವುದು ಬಹಳ ಕಷ್ಟ.

ಕಂಬಕ್ಕೆ ಹಬ್ಬಿಸುವುದಾದರೆ ಕೊಂಬೆಗಳನ್ನು ಸುತ್ತು ಸುತ್ತಾಗಿ ಏರಿಸಿ. ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿದರೆ ಸಿಕ್ಕಾಗುವುದಿಲ್ಲ. ಕಮಾನಿನ ಕಾಲಿಗೂ ಇದೇ ವಿಧಾನ. ಬದಿಯಲ್ಲಿ ಸುತ್ತಿ ಏರಿಸಿದರೆ ಕಾಲಿನಲ್ಲೂ ಹೂ, ನೆತ್ತಿಯಲ್ಲೂ ಹೂ.

ಮಾರ್ಚ್ ಕೊನೆಯಲ್ಲಿ ಎಲ್ಲ ಕಟ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ. ಅಶ್ವಿನಿ, ಭರಣಿ ಮಳೆ ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲಿನ ಜೊತೆಗೇ ಬರುತ್ತದೆ. ಸಡಿಲ ಕೊಂಬೆ ಒಂದೇ ಸಂಜೆಯಲ್ಲಿ ಮುರಿಯುತ್ತದೆ.

ಸವರುವುದು: ಯಾವಾಗ

ಚಳಿ ದೇಶಗಳಲ್ಲಿ ಗುಲಾಬಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಅದು ಏಳುವ ಮೊದಲು, ಫೆಬ್ರವರಿ, ಮಾರ್ಚ್‌ನಲ್ಲಿ ಸವರುತ್ತಾರೆ. ಬೆಂಗಳೂರಿನ ಗುಲಾಬಿಗೆ ಆ ನಿದ್ದೆಯೇ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಡಿಸೆಂಬರ್, ಜನವರಿಯ ರಾತ್ರಿಯಲ್ಲೂ ತಾಪ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಗಿಡ ಹನ್ನೆರಡು ತಿಂಗಳೂ ಎಲೆ ಹೊತ್ತು ನಿಂತಿರುತ್ತದೆ. ಹಾಗಾಗಿ ಇಲ್ಲಿ ಸವರುವ ಕಾಲವನ್ನು ಹೇಳುವುದು ಮಳೆ.

ದೊಡ್ಡ ಸವರುವಿಕೆ ನವೆಂಬರ್‌ನಲ್ಲಿ. ಸ್ವಾತಿ ಮಳೆ ಕಳೆದು, ವಿಶಾಖವೂ ಹಿಂದೆ ಬಿದ್ದು, ಎರಡು ಮೂರು ದಿನ ಒಣ ಬಿಸಿಲು ಕಂಡಾಗ ಶುರು ಮಾಡಿ. ಅಕ್ಟೋಬರ್ ಮಳೆಯಲ್ಲಿ ಕತ್ತರಿಸಿದರೆ ಗಾಯದೊಳಗೆ ನೀರು ಇಳಿದು, ಕೊಂಬೆ ತುದಿಯಿಂದ ಕೆಳಗೆ ಕಪ್ಪಾಗಿ ಒಣಗುತ್ತಾ ಬರುತ್ತದೆ. ಸವರಿದ ಆರೇಳು ವಾರಕ್ಕೆ ಹೂ. ನವೆಂಬರ್ ಕೊನೆಯಲ್ಲಿ ಸವರಿದ ಗಿಡ ಸಂಕ್ರಾಂತಿಯ ಹೊತ್ತಿಗೆ ತುಂಬಿಕೊಂಡಿರುತ್ತದೆ.

ಎರಡನೆಯದು ಜೂನ್‌ನಲ್ಲಿ, ಹಗುರವಾಗಿ. ಬೇಸಿಗೆಯಲ್ಲಿ ಹೂ ಬಿಟ್ಟು ಬಾಡಿದ ರೆಂಬೆಗಳನ್ನು ಮೊಟಕು ಮಾಡಿ, ಒಣಗಿದ್ದು ತೆಗೆದರೆ ಸಾಕು. ಪೊದೆ ಗುಲಾಬಿ ಬೆಳೆಸುವವರು ಜೂನ್‌ನಲ್ಲೂ ಜೋರಾಗಿ ಸವರುತ್ತಾರೆ. ಬಳ್ಳಿ ಗುಲಾಬಿಗೆ ಅದು ಬೇಡ. ಬೇರು ಬಿಡಿಸಿ ಬಿಸಿಲಿಗೆ ಒಡ್ಡುವ ಹಳೆಯ ಪದ್ಧತಿಯೂ ನಮ್ಮ ಹವೆಗೆ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ವರ್ಷಕ್ಕೆ ಒಂದೇ ಸಲ ಹೂ ಬಿಡುವ ಜಾತಿಗೆ ನವೆಂಬರ್ ಲೆಕ್ಕ ಅನ್ವಯಿಸುವುದಿಲ್ಲ. ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ನವೆಂಬರ್‌ನಲ್ಲಿ ಕತ್ತರಿಸಿದರೆ ಮುಂದೆ ಬರಬೇಕಾದ ಹೂವನ್ನೇ ಕತ್ತರಿಸಿದಂತೆ. ಹೂ ಮುಗಿದ ಕೂಡಲೇ, ಹೂ ಬಿಟ್ಟ ಹಳೆ ಕೊಂಬೆಗಳನ್ನು ತೆಗೆದು ಹೊಸವನ್ನು ಆ ಜಾಗಕ್ಕೆ ಕಟ್ಟಿ.

ಸವರುವುದು: ಹೇಗೆ

ಹರಿತವಾದ ಸಿಕೇಟರ್ (ಗಿಡ ಸವರುವ ಕತ್ತರಿ), ದಪ್ಪ ಕೊಂಬೆಗೆ ಮಡಚುವ ಸಣ್ಣ ಗರಗಸ, ಒರೆಸಲು ಸ್ಪಿರಿಟ್. ಕೈಗೆ ವೆಲ್ಡಿಂಗ್ ಮಾಡುವವರ ಚರ್ಮದ ಗ್ಲೌಸ್ ತನ್ನಿ. ಮೊಣಕೈವರೆಗೆ ಬರುತ್ತದೆ, ತೋಟದ ಬಟ್ಟೆ ಗ್ಲೌಸ್‌ಗಿಂತ ಎಷ್ಟೋ ವಾಸಿ. ಕನ್ನಡಕ ಹಾಕಿಕೊಳ್ಳಿ.

ಸವರುವ ಹಿಂದಿನ ವಾರ ನೀರು ಕಡಿಮೆ ಮಾಡಿ. ಆ ದಿನ ಮೊದಲು ಎಲ್ಲ ದಾರಗಳನ್ನೂ ಬಿಚ್ಚಿ ಕೊಂಬೆಗಳನ್ನು ಸಡಿಲ ಬಿಡಿ. ಬಿಚ್ಚದೇ ಸವರಿದರೆ ಯಾವುದು ಎಲ್ಲಿಂದ ಬಂದಿದೆ ಅಂತಲೇ ಗೊತ್ತಾಗುವುದಿಲ್ಲ. ಒಣಗಿದ್ದು, ರೋಗ ಹಿಡಿದದ್ದು, ಕಡ್ಡಿಯಂತೆ ಸಣಕಲಾದದ್ದು ಮೊದಲು ಹೋಗಲಿ. ಆಮೇಲೆ ಐದು ಹೆಜ್ಜೆ ಹಿಂದೆ ನಿಂತು ನೋಡಿ.

ಈಗ ಬುಡದ ಲೆಕ್ಕ. ಈ ವರ್ಷ ಬುಡದಿಂದ ಒಂದೆರಡು ಒಳ್ಳೆಯ ಹೊಸ ಕೊಂಬೆ ಬಂದಿದ್ದರೆ, ಅಷ್ಟೇ ಸಂಖ್ಯೆಯ ತೀರಾ ಹಳೆಯದನ್ನು ಬುಡಕ್ಕೆ ಗರಗಸದಿಂದ ತೆಗೆಯಬಹುದು. ಹಳೆಯದು ಗೊತ್ತಾಗುವುದು ಸುಲಭ. ಬೂದು ಬಣ್ಣ, ಒರಟು ಸಿಪ್ಪೆ, ಹೂವೂ ಕಡಿಮೆ. ಹೊಸದು ಬಂದಿಲ್ಲವೇ? ಹಳೆಯದನ್ನು ಮುಟ್ಟಬೇಡಿ, ಅದೇ ಇನ್ನೊಂದು ವರ್ಷ ದುಡಿಯುತ್ತದೆ. ಉದ್ದವಾಗಿದೆ ಅನ್ನುವ ಒಂದೇ ಕಾರಣಕ್ಕೆ ಮುಖ್ಯ ಕೊಂಬೆಯ ತುದಿ ಕತ್ತರಿಸಬೇಡಿ. ಜಾಗ ಮುಗಿದಿದ್ದರೆ ಮಾತ್ರ ಕತ್ತರಿಸಿ.

ನಿಜವಾದ ಸವರುವಿಕೆ ಪಕ್ಕದ ರೆಂಬೆಗಳದ್ದು. ಮುಖ್ಯ ಕೊಂಬೆಯಿಂದ ಹೊರಟು ಈಗಾಗಲೇ ಹೂ ಬಿಟ್ಟಿರುವ ಒಂದೊಂದು ರೆಂಬೆಯಲ್ಲೂ ಎರಡರಿಂದ ನಾಲ್ಕು ಕಣ್ಣು ಉಳಿಸಿ ಮಿಕ್ಕಿದ್ದು ಕತ್ತರಿಸಿ. ಹೆಚ್ಚು ಕಡಿಮೆ ನಾಲ್ಕೈದು ಇಂಚಿನ ತುಂಡು ಉಳಿಯುತ್ತದೆ. ಸಣಕಲು ರೆಂಬೆಗೆ ಎರಡು ಕಣ್ಣು, ಗಟ್ಟಿ ರೆಂಬೆಗೆ ನಾಲ್ಕು. ಗೋಡೆಯ ಕಡೆಗಲ್ಲದೆ ಹೊರಗೆ ಅಥವಾ ಪಕ್ಕಕ್ಕೆ ನೋಡುವ ಕಣ್ಣಿನ ಕಾಲು ಇಂಚು ಮೇಲೆ, ಸ್ವಲ್ಪ ಓರೆಯಾಗಿ ಕತ್ತರಿಸಿ. ಒಳಗಿನ ತಿರುಳು ಬೆಳ್ಳಗಿದ್ದರೆ ಸರಿ, ಕಂದಾಗಿದ್ದರೆ ಇನ್ನೂ ಕೆಳಗಿನ ಕಣ್ಣಿಗೆ ಇಳಿಯಿರಿ. ರೋಗದ ಕೊಂಬೆ ಕತ್ತರಿಸಿದ ಮೇಲೆ ಸಿಕೇಟರನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಮುಂದಿನದಕ್ಕೆ ಹೋಗಿ.

ಪೆನ್ಸಿಲಿಗಿಂತ ದಪ್ಪನೆಯ ಗಾಯಗಳಿಗೆ ಅದೇ ದಿನ ಬೋರ್ಡೊ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಅಥವಾ ನೀರಿನಲ್ಲಿ ಗಟ್ಟಿಯಾಗಿ ಕಲಸಿದ ಕಾಪರ್ ಆಕ್ಸಿಕ್ಲೋರೈಡ್ ಹಚ್ಚಿ. ಹಳೆ ಬ್ರಷ್ ಸಾಕು. ನಮ್ಮ ಊರಿನ ಗುಲಾಬಿಗೆ ತುದಿಯಿಂದ ಒಣಗುವ ರೋಗ ದೊಡ್ಡ ಶತ್ರು, ಇದನ್ನು ಬಿಡಬೇಡಿ. ಹಳೆ ಕೊಂಬೆಗಳ ಮೇಲೆ ಬಿಳಿ ಅಥವಾ ಕಂದು ಹುರುಪೆಯಂತೆ ಅಂಟಿರುವುದು ಶಲ್ಕ ಕೀಟ. ಎಲ್ಲ ಬಿಚ್ಚಿರುವಾಗಲೇ ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಬೇವಿನ ಸೋಪು ಅಥವಾ ಹೊಂಗೆ ಸೋಪಿನ ದ್ರಾವಣ ಸಿಂಪಡಿಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಸೋಪುಗಳಿವು, ಮನೆ ತೋಟಕ್ಕೆ ಸುರಕ್ಷಿತ. ಪ್ರಮಾಣ ಪೊಟ್ಟಣದ ಮೇಲೆ ಬರೆದಷ್ಟೇ.

ಇಷ್ಟಾದ ಮೇಲೆ ಮತ್ತೆ ಕಟ್ಟುವುದು. ಬಿಚ್ಚಿದ ಕೊಂಬೆಗಳನ್ನು ಹೊಸದಾಗಿ ಹಂಚಿ. ಈ ವರ್ಷ ಯಾವುದು ಕೆಳಕ್ಕೆ, ಯಾವುದು ಮೇಲಕ್ಕೆ ಅಂತ ನಿಧಾನವಾಗಿ ಯೋಚಿಸಿ. ಕತ್ತರಿಸಲು ಒಂದು ಗಂಟೆ ಹಿಡಿದರೆ ಇದಕ್ಕೆ ಎರಡು ಗಂಟೆ ಕೊಡಿ. ಬುಡಕ್ಕೆ ಒಂದು ಬುಟ್ಟಿ ಕಾಂಪೋಸ್ಟ್, ಎರಡು ಹಿಡಿ ಬೇವಿನ ಹಿಂಡಿ, ಮೇಲೆ ಒಣ ಎಲೆಯ ಹೊದಿಕೆ, ಆಮೇಲೆ ನೀರು. ಕೆಳಗೆ ಬಿದ್ದ ಚುಕ್ಕೆ ಎಲೆಗಳನ್ನು ಗುಡಿಸಿ ತೆಗೆಯಿರಿ. ಅವನ್ನು ಹೊದಿಕೆಗೆ ಬಳಸಬೇಡಿ.

ವರ್ಷವಿಡೀ ಮಾಡಬೇಕಾದ ಸಣ್ಣ ಕೆಲಸ ಒಂದಿದೆ. ಬಾಡಿದ ಹೂವನ್ನು ಅದರ ಕೆಳಗಿನ ಮೊದಲ ಪೂರ್ತಿ ಎಲೆಯ ಮೇಲೆ ಕತ್ತರಿಸುತ್ತಿರಿ. ಕಾಯಿ ಕಟ್ಟಲು ಬಿಟ್ಟರೆ ಗಿಡ ಮುಂದಿನ ಹೂವಿಗೆ ತಡ ಮಾಡುತ್ತದೆ.

ಕೈ ಬಿಟ್ಟುಹೋದ ಹಳೆ ಗಿಡ

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಅಜ್ಜಿ ನೆಟ್ಟ ಬಳ್ಳಿ ಗುಲಾಬಿಗಳು ಇನ್ನೂ ಇವೆ. ಬುಡ ಮಣಿಕಟ್ಟಿಗಿಂತ ದಪ್ಪ, ಮೇಲೆ ಸಿಕ್ಕುಸಿಕ್ಕಾದ ಮುಳ್ಳು. ಕಡಿದು ಎಸೆಯುವ ಮೊದಲು ಮೂರು ವರ್ಷ ಕೊಡಿ. ಅಷ್ಟು ವಯಸ್ಸಿನ ಬೇರನ್ನು ಯಾವ ನರ್ಸರಿಯೂ ಮಾರುವುದಿಲ್ಲ. ಮೊದಲ ನವೆಂಬರ್‌ನಲ್ಲಿ ಸತ್ತ ಕೊಂಬೆಗಳು, ಮತ್ತು ಬದುಕಿರುವ ಹಳೆಯದರಲ್ಲಿ ಮೂರರಲ್ಲಿ ಒಂದು ಪಾಲು ತೆಗೆಯಿರಿ. ಮುಂದಿನ ವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಉಳಿದದ್ದು. ಅಷ್ಟರಲ್ಲಿ ಬುಡದಿಂದ ಹೊಸ ಕೊಂಬೆ ಎದ್ದಿರುತ್ತದೆ. ಎಲ್ಲವನ್ನೂ ಒಂದೇ ಸಲ ಕಡಿದರೆ ಹಳೆ ಗಿಡ ಸತ್ತೇ ಹೋಗಬಹುದು.

ಬುಡ ಮಾತ್ರ ಬೋಳಾಗಿದ್ದರೆ, ಒಂದೇ ಒಂದು ಕೊಂಬೆಯನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಅಲ್ಲಿಂದ ಚಿಗುರು ಬಂದು ಕೆಳಭಾಗ ತುಂಬುತ್ತದೆ.

ತಾರಸಿಯಲ್ಲಿ

ಕುಂಡದಲ್ಲೂ ಬೆಳೆಯಬಹುದು, ಆದರೆ ಕುಂಡ ದೊಡ್ಡದಿರಬೇಕು. 18 ಇಂಚಿಗಿಂತ ಕಡಿಮೆ ಬೇಡ, 24 ಇಂಚು ಇದ್ದರೆ ಒಳ್ಳೆಯದು, ಅರ್ಧಕ್ಕೆ ಕತ್ತರಿಸಿದ ಡ್ರಮ್ಮೂ ಆದೀತು. ಕೆಳಗೆ ತೂತುಗಳು ಸರಿಯಾಗಿರಲಿ. ಆಸರೆಯನ್ನು ಕುಂಡಕ್ಕೆ ನೆಡಬೇಡಿ. ಜೂನ್, ಜುಲೈ ಗಾಳಿಗೆ ಕುಂಡ ಸಮೇತ ಉರುಳುತ್ತದೆ. ಪ್ಯಾರಾಪೆಟ್ ಗೋಡೆಯ ಒಳಮುಖಕ್ಕೆ ತಂತಿ ಕಟ್ಟಿ, ಕೊಂಬೆಗಳನ್ನು ಅದರ ಉದ್ದಕ್ಕೂ ಮಲಗಿಸಿ. ಮೂರು ನಾಲ್ಕು ಕೊಂಬೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಬರೀ ಬೋರ್‌ವೆಲ್ ನೀರು ಹಾಕುವ ಕಡೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ, ಬೇರು ಕಬ್ಬಿಣ ಹೀರಲು ಆಗದೇ ಹೀಗಾಗುತ್ತದೆ. ಮಳೆ ನೀರು ಹಿಡಿದಿಟ್ಟುಕೊಂಡು ಹಾಕಿ.

ಸವರಿದ ಕೊಂಬೆಗಳನ್ನು ಹಾಗೇ ಕಸಕ್ಕೆ ಕೊಡಬೇಡಿ. ಒಂದಡಿ ಉದ್ದದ ತುಂಡು ಮಾಡಿ, ಹಳೆ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಗೋಣಿ ದಾರದಲ್ಲಿ ಕಟ್ಟಿ, ಒಳಗೆ ಮುಳ್ಳಿದೆ ಅಂತ ಪೌರಕಾರ್ಮಿಕರಿಗೆ ಹೇಳಿ ಕೊಡಿ. ಅದರಲ್ಲೇ ಪೆನ್ಸಿಲ್ ದಪ್ಪದ, ರೋಗವಿಲ್ಲದ ಕಡ್ಡಿಗಳಿದ್ದರೆ ಎಂಟು ಇಂಚಿಗೆ ಕತ್ತರಿಸಿ, ಮೂರರಲ್ಲಿ ಎರಡು ಭಾಗ ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ನೆಟ್ಟು ನೋಡಿ. ಎಲ್ಲವೂ ಬೇರು ಬಿಡುವುದಿಲ್ಲ. ಒಂದೆರಡು ಬಿಟ್ಟರೆ ಪಕ್ಕದ ಮನೆಯವರಿಗೊಂದು ಗಿಡ ಆಯಿತು.